ಅಪ್ಪ ಗುರುತು ಹಾಕದ ನಕ್ಷತ್ರಗಳು

ಆಕಾಶದ ನಕ್ಷೆಯಲ್ಲಿ ಪೂರ್ವ ಎಡಗಡೆಗೆ ಬರುತ್ತದೆ. ಇದನ್ನು ಅಪ್ಪನಿಗೆ ಒಪ್ಪಿಸಲು ನನಗೆ ಒಂದಿಡೀ ಬೇಸಿಗೆ ರಜೆ ಹಿಡಿಯಿತು.

"ಉತ್ತರ ಮೇಲಿದ್ರೆ ಪೂರ್ವ ಬಲಕ್ಕೇ ಬರ್ಬೇಕು. ಮೂವತ್ತು ವರ್ಷ ಸರ್ವೆ ಮಾಡಿದೀನಿ ಕಣೇ, ನಂಗೆ ದಿಕ್ಕು ಹೇಳ್ಕೊಡಕ್ಕೆ ಬರ್ಬೇಡ," ಎಂದು ಹಾಳೆಯನ್ನು ನನ್ನ ಮುಖದ ಮುಂದೆ ಆಡಿಸಿದ.

"ಅಪ್ಪಾ, ನೀನು ತಲೆ ಬಗ್ಗಿಸ್ಕಂಡು ನೆಲ ನೋಡ್ದೋನು. ಇದನ್ನ ತಲೆ ಎತ್ತಿ ನೋಡ್ಬೇಕು. ಮೇಲೆ ಹಿಡ್ಕಂಡು ನೋಡು, ಗೊತ್ತಾಗುತ್ತೆ."

ಒಂದು ಮಧ್ಯಾಹ್ನ ಅಪ್ಪ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಅಂಗಾತ ಮಲಗಿ, ಹಾಳೆಯನ್ನು ಸೂರಿಗೆ ಹಿಡಿದು, ತಲೆಯನ್ನು ಉತ್ತರಕ್ಕೆ ಮಾಡಿ ನೋಡಿದ. ಉತ್ತರಕ್ಕೆ ತಲೆ ಹಾಕಬೇಡಿ ಎಂದು ಅವ್ವ ಅಡುಗೆಮನೆಯಿಂದ ಕೂಗಿದಳು. ಅಪ್ಪ ಎದ್ದು ಕೂತು, "ಹೂಂ ಕಣೇ, ಸರಿ ಐತೆ," ಎಂದ. ತಪ್ಪು ಒಪ್ಪಿಕೊಂಡದ್ದಕ್ಕೆ ಆ ಸಂಜೆಯೆಲ್ಲ ಮುಖ ಗಂಟು ಹಾಕಿಕೊಂಡಿದ್ದ. ಸೋತರೆ ನಾನೂ ಹಾಗೇ. ನಮ್ಮ ಮನೆಯಲ್ಲಿ ಸೋಲುವುದು ಯಾರಿಗೂ ಬರುವುದಿಲ್ಲ.

ನಮ್ಮ ಮನೆ ಇರುವುದು ಅಜ್ಜಂಪುರದಲ್ಲಿ. ಅಪ್ಪ ತರೀಕೆರೆ ತಾಲ್ಲೂಕು ಕಚೇರಿಯ ಸರ್ವೇಯರ್ ಆಗಿ ನಿವೃತ್ತನಾದವನು. ಬುಕ್ಕಾಂಬುಧಿ ಕೆರೆ ಏರಿಯಿಂದ ಲಕ್ಕವಳ್ಳಿ ಕಾಡಿನಂಚಿನವರೆಗೆ ಅವನು ಅಳತೆಯ ಸರಪಳಿ ಎಳೆಸದ ಹೊಲವಿಲ್ಲ. ನಾನು ಕಡೂರಿನ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಬೆಳಿಗ್ಗೆ ರೈಲು, ಸಂಜೆ ರೈಲು, ರೈಲು ತಪ್ಪಿದರೆ ಬಸ್ಸು. ಮೂವತ್ತೈದು ದಾಟಿದ ಮೇಲೆ ನನಗೆ ಪಿಎಚ್‌ಡಿ ಮಾಡುವ ಹುಚ್ಚು ಹಿಡಿಯಿತು. ಗೈಡ್ ಬೆಂಗಳೂರಿನಲ್ಲಿದ್ದರು, ಫೋನಿನಲ್ಲೇ ಪಾಠ.

ನನ್ನ ವಿಷಯ, ಸೂರ್ಯನಿಗಿಂತ ಚಿಕ್ಕ ನಕ್ಷತ್ರಗಳು ಹುಟ್ಟುವ ಬಗೆ. ಅದೂ ನಮ್ಮ ಗ್ಯಾಲಕ್ಸಿಯಲ್ಲಲ್ಲ, ನೆರೆಯ ಒಂದು ಪುಟ್ಟ ಗ್ಯಾಲಕ್ಸಿಯಲ್ಲಿ. ನೆರೆ ಎಂದರೂ ಅಲ್ಲಿಂದ ಬೆಳಕು ಹೊರಟು ಇಲ್ಲಿಗೆ ಬರಲು ಸುಮಾರು ಎರಡು ಲಕ್ಷ ವರ್ಷ ಬೇಕು. ದೊಡ್ಡ ನಕ್ಷತ್ರಗಳನ್ನು ಅಷ್ಟು ದೂರದಿಂದಲೂ ಯಾರು ಬೇಕಾದರೂ ಕಾಣಬಹುದು, ಅವು ಹುಟ್ಟುವಾಗಲೇ ಊರೆಲ್ಲ ಕೇಳುವಂತೆ ಅರಚಿಕೊಳ್ಳುತ್ತವೆ. ಚಿಕ್ಕವು ಹಾಗಲ್ಲ. ದೂಳಿನೊಳಗೆ ಮುದುಡಿಕೊಂಡು, ಮಂಕಾಗಿ, ಬಹಳ ನಿಧಾನವಾಗಿ ಬೆಳೆಯುತ್ತವೆ. ಆಕಾಶದಲ್ಲಿರುವ ದೊಡ್ಡ ದೂರದರ್ಶಕಗಳು ತೆಗೆದ ಚಿತ್ರಗಳಲ್ಲಿ ಮಾತ್ರ ಅವು ಚುಕ್ಕಿಯಾಗಿ ಸಿಗುತ್ತವೆ. ಚಿತ್ರಗಳನ್ನು ಇಂಟರ್ನೆಟ್‌ನಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಅಜ್ಜಂಪುರದವರೂ ಕೂಡ.

"ಮದ್ವೆ ಆಗಿದ್ರೆ ಅರುಂಧತಿ ನಕ್ಷತ್ರ ಒಂದನ್ನ ನೋಡಿ ಮುಗಿಸ್ಬೋದಿತ್ತು, ಇವಳಿಗೆ ಎಲ್ಲಾನೂ ನೋಡ್ಬೇಕಂತೆ," ಎಂದು ನಮ್ಮ ಸೋದರತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ಚೆನ್ನಾಗಿಯೇ ಹೇಳಿದಳು ಅನ್ನಿ. ನಾನೂ ನಗುತ್ತಿದ್ದೆ, ಒಳಗೊಳಗೇ ಉರಿದುಕೊಂಡು.

ಅಪ್ಪ ಈ ಕೆಲಸಕ್ಕೆ ಬಂದದ್ದು ಹೀಗೆ. ಚಿತ್ರದಲ್ಲಿ ಎಲ್ಲಿ ನಕ್ಷತ್ರವಿದೆ ಎಂದು ಕಂಪ್ಯೂಟರ್ ಹೇಳುತ್ತದೆ. ಆದರೆ ಆ ಮುಂಡೇದು ದೂಳಿನ ಸುಕ್ಕನ್ನೂ ನಕ್ಷತ್ರ ಅಂದುಬಿಡುತ್ತದೆ. ಆದ್ದರಿಂದ ಕೊನೆಗೆ ಮನುಷ್ಯರ ಕಣ್ಣು ಒಂದೊಂದನ್ನೂ ನೋಡಿ ಹೌದು, ಅಲ್ಲ ಅನ್ನಬೇಕು. ಒಂದೊಂದು ನಕ್ಷತ್ರಗುಂಪಿಗೆ ಒಂದೊಂದು ದೊಡ್ಡ ಹಾಳೆಯಂತೆ ಕಡೂರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದಿದ್ದೆ. ಬಿಳಿ ಹಾಳೆಯ ಮೇಲೆ ಕಪ್ಪು ಚುಕ್ಕಿಗಳು. ಅಪ್ಪ ಹಿಂದಿನಿಂದ ಬಂದು ಬಗ್ಗಿ ನೋಡಿ, "ಅದು ಚುಕ್ಕಿ ಅಲ್ಲ, ಕಾಗದದ ಗಲೀಜು ಥರ ಐತೆ. ಇದೋ ಇದು ಚುಕ್ಕಿ," ಎಂದ. ಕಂಪ್ಯೂಟರಿನಲ್ಲಿ ಮೂಲ ಚಿತ್ರ ಹಿಗ್ಗಿಸಿ ತಾಳೆ ನೋಡಿದರೆ ಅವನು ಹೇಳಿದ್ದೇ ಸರಿ. ಮಾಸಿ ಹೋದ ಹಳೇ ಸರ್ವೆ ನಕ್ಷೆಗಳಲ್ಲಿ ಹೊಲದ ಗಡಿಯ ಬಾಂದು ಕಲ್ಲಿನ ಗುರುತು ಹುಡುಕಿ ಹುಡುಕಿ ಪಳಗಿದ ಕಣ್ಣು ಅದು. ಇಬ್ಬರೂ ಬೇರೆ ಬೇರೆಯಾಗಿ ನೋಡಿದ ಹಾಳೆಗಳಲ್ಲಿ ನನಗಿಂತ ಅವನದೇ ಚೊಕ್ಕವಾಗಿತ್ತು. ಗೈಡ್ ಕೂಡ ಒಪ್ಪಿದರು.

ಹಾಗೆ ಅಪ್ಪ ನಿವೃತ್ತಿಯ ಮೇಲೆ ಮತ್ತೆ ಡ್ಯೂಟಿಗೆ ಬಂದ. ಬೆಳಿಗ್ಗೆ ತಿಂಡಿಯಾದ ಮೇಲೆ ಪಡಸಾಲೆಯ ಮೇಜಿನ ಮುಂದೆ ಕೂರುವುದು, ಭೂತಗನ್ನಡಿ ಹಿಡಿದು ಇಂಚಿಂಚೂ ನೋಡುವುದು, ನಕ್ಷತ್ರ ಎನಿಸಿದ್ದಕ್ಕೆ ಕೆಂಪು ಪೆನ್ಸಿಲ್‌ನಲ್ಲಿ ಸುತ್ತು ಹಾಕುವುದು. ಮುಗಿದ ಮೇಲೆ ಹಾಳೆಯ ಕೆಳಗೆ ಬಲಮೂಲೆಯಲ್ಲಿ ಸಹಿ, ತಾರೀಖು. ಸಹಿಯಿಲ್ಲದ ನಕ್ಷೆ ಅವನ ಕೈಯಿಂದ ಎಂದೂ ಹೊರಬಿದ್ದಿಲ್ಲ.

ಗೈಡ್ ಎರಡು ನಿಯಮ ಹೇಳಿದ್ದರು. ಮೊದಲನೆಯದು, ಹಾಳೆಗಳನ್ನು ಕಲೆಸಿ ಕೊಡಿ, ಸಾಲಾಗಿ ಕೊಡಬೇಡಿ. ಎರಡನೆಯದು, ಕೆಲವು ಹಾಳೆಗಳಲ್ಲಿ ನೀವೇ ಸುಳ್ಳು ನಕ್ಷತ್ರಗಳನ್ನು ಸೇರಿಸಿ, ನೋಡುವವರಿಗೆ ಹೇಳಬೇಡಿ. ಅವರು ಎಷ್ಟನ್ನು ಹಿಡಿದರು, ಎಷ್ಟನ್ನು ಬಿಟ್ಟರು ಎಂಬುದರಿಂದ ಕಣ್ಣಿನ ಅಳತೆ ಸಿಗುತ್ತದೆ. ಇದು ನಮ್ಮ ಶಾಸ್ತ್ರದಲ್ಲಿ ಎಲ್ಲರೂ ಮಾಡುವ ಕೆಲಸ.

ಎರಡೂ ನಿಯಮಗಳನ್ನು ನಾನು ಮುರಿದೆ. ಅಪ್ಪ ಮುರಿಸಿದ ಎಂದೂ ಹೇಳಬಹುದು, ಆದರೆ ಈಗ ಅವನ ಮೇಲೆ ಹೇರಲು ನಾಚಿಕೆಯಾಗುತ್ತದೆ.

ಕಲೆಸಿದ ಹಾಳೆ ಕೊಟ್ಟ ದಿನ, "ಏನೇ ಇದು? ಹತ್ತನೇ ನಂಬರ್ ಆದ್ಮೇಲೆ ಮೂರನೇದು? ಹೊಲದಿಂದ ಹೊಲಕ್ಕೆ ಹಾರಕ್ಕೆ ನಾನೇನು ಮಂಗನಾ?" ಎಂದು ರೇಗಿದ. ಎಲ್ಲವನ್ನೂ ತಾನೇ ಜೋಡಿಸಿಕೊಂಡ, ಪಶ್ಚಿಮದ ತುದಿಯ ಗುಂಪಿನಿಂದ ಶುರುಮಾಡಿ ಪೂರ್ವದ ತುದಿಯವರೆಗೆ, ಸರ್ವೆ ನಂಬರ್ ಹಿಡಿದು ಹೋಗುವ ಹಾಗೆ. ನಾನು ಆಗಲಿ ಎಂದೆ.

ಸುಳ್ಳು ನಕ್ಷತ್ರಗಳದ್ದು ಇನ್ನೂ ಕೆಟ್ಟದಾಯಿತು. ಮೊದಲ ಕಂತಿನಲ್ಲಿ ಒಂದಷ್ಟನ್ನು ಸೇರಿಸಿದ್ದೆ. ಅಪ್ಪ ಒಂದನ್ನೂ ಬಿಡದೆ ಹಿಡಿದದ್ದಲ್ಲದೆ, ಪಕ್ಕದಲ್ಲಿ ಸಣ್ಣಗೆ 'ಸಂಶಯ' ಎಂದು ಬರೆದಿದ್ದ. "ಇವು ಮಾತ್ರ ತೀರಾ ದುಂಡಗವೆ. ಯಾರೋ ತಂದು ಇಟ್ಟಂಗೆ ಐತೆ," ಎಂದ. ನಾನು ಪೆದ್ದಿ, ಖುಷಿಯಲ್ಲಿ ನಕ್ಕು, "ಪಾಸಾದೆ ಅಪ್ಪಾ! ನಾನೇ ಇಟ್ಟಿದ್ದು," ಎಂದುಬಿಟ್ಟೆ.

ಅವನು ಪೆನ್ಸಿಲ್ ಕೆಳಗಿಟ್ಟ. "ಅಮಲ್ದಾರ್‌ಗಳು ಎಷ್ಟೋ ಜನ ಬಂದ್ರು, ಹೋದ್ರು. ಒಬ್ರೂ ನನ್ ಅಳತೆ ಮೇಲೆ ಇನ್ನೊಂದು ಅಳತೆ ಹಿಡಿಸ್ಲಿಲ್ಲ. ನೀನು ಹಿಡಿಸ್ದೆ," ಎಂದ. ಎರಡು ದಿನ ಮೇಜಿನ ಹತ್ತಿರ ಸುಳಿಯಲಿಲ್ಲ. ಮೂರನೇ ದಿನ ನಾನು ಕಾಫಿ ತಂದಿಟ್ಟು, ಇನ್ನು ಯಾವತ್ತೂ ಸುಳ್ಳು ನಕ್ಷತ್ರ ಹಾಕುವುದಿಲ್ಲ ಎಂದು ಅವನ ಕೈ ಹಿಡಿದು ಮಾತು ಕೊಟ್ಟೆ. ಗೈಡ್‌ಗೆ, ಮೊದಲ ಕಂತಿನ ಪರೀಕ್ಷೆಯೇ ಸಾಕಷ್ಟಾಯಿತು ಎಂದು ಹೇಳಿದೆ. ನಾನೇ ಪ್ರತಿ ಹಾಳೆಯನ್ನು ಇನ್ನೊಮ್ಮೆ ನೋಡುವುದನ್ನೂ ಅಲ್ಲಿಗೇ ಬಿಟ್ಟೆ. ಕಾಲೇಜು, ಪೇಪರ್ ತಿದ್ದುವುದು, ರೈಲು. ಅಪ್ಪ ನೋಡಿದ ಮೇಲೆ ಇನ್ನು ನಾನು ನೋಡುವುದೇನು ಎಂದುಕೊಂಡೆ.

ಸುಮಾರು ಒಂದೂವರೆ ವರ್ಷ ಹೀಗೆ ನಡೆಯಿತು. ಹಾಳೆಗಳು ಪಶ್ಚಿಮದಿಂದ ನಡುವಿಗೆ, ನಡುವಿನಿಂದ ಪೂರ್ವಕ್ಕೆ ಸಾಗಿದವು. ಅಪ್ಪ ಹಾಕಿದ ಸುತ್ತುಗಳನ್ನು ನಾನು ರಾತ್ರಿಯೋ ಭಾನುವಾರವೋ ಕಂಪ್ಯೂಟರಿಗೆ ಏರಿಸುತ್ತಿದ್ದೆ. ಮುಕ್ಕಾಲು ಪಾಲು ಮುಗಿದಾಗ ಒಂದು ದಿನ ಸುಮ್ಮನೆ ಗ್ರಾಫ್ ಹಾಕಿ ನೋಡಿದೆ. ತಕ್ಷಣ ಇನ್ನೊಮ್ಮೆ ಹಾಕಿದೆ.

ಪಶ್ಚಿಮದ ಗುಂಪುಗಳಲ್ಲಿ ಚಿಕ್ಕ ನಕ್ಷತ್ರಗಳು ಎಲ್ಲ ಕಡೆ ಸಮನಾಗಿ ಹರಡಿದ್ದವು. ಪೂರ್ವಕ್ಕೆ ಬಂದಂತೆಲ್ಲ ಪ್ರತಿ ಗುಂಪಿನ ಪೂರ್ವಭಾಗ ಬರಿದಾಗುತ್ತ ಹೋಗಿತ್ತು. ಕೊನೆಕೊನೆಗೆ ನೋಡಿದ ಗುಂಪುಗಳಲ್ಲಿ ಹಾಳೆಯ ಮೂರನೇ ಒಂದು ಪಾಲೇ ಖಾಲಿ. ಈ ಪುಟ್ಟ ಗ್ಯಾಲಕ್ಸಿಯ ಪೂರ್ವಕ್ಕೆ ಇನ್ನೊಂದು ದೊಡ್ಡ ಗ್ಯಾಲಕ್ಸಿಯಿದೆ, ಅದು ಇದನ್ನು ಎಳೆಯುತ್ತಿದೆ, ಇದು ಎಲ್ಲರಿಗೂ ಗೊತ್ತು. ಅಂದ ಮೇಲೆ ದೊಡ್ಡದಕ್ಕೆ ಹತ್ತಿರವಾದಷ್ಟೂ ಆ ದಿಕ್ಕಿನ ಅನಿಲ ಕದಡಿ ಚಿಕ್ಕ ನಕ್ಷತ್ರಗಳು ಹುಟ್ಟಲಾರದೆ ಹೋಗಿವೆ! ದೊಡ್ಡವರ ಪಕ್ಕದಲ್ಲಿ ಚಿಕ್ಕವರಿಗೆ ಹುಟ್ಟಲೂ ಜಾಗವಿಲ್ಲ. ಎಷ್ಟು ಸೊಗಸಾದ ಕಥೆ, ನೋಡಿ. ನಾನೇ ಕಟ್ಟಿದ್ದು.

ಕಡೂರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಗೈಡ್‌ಗೆ ಫೋನ್ ಮಾಡಿದೆ. ಕೂಗಿಯೇ ಮಾತಾಡಿರಬೇಕು, ಬೆಂಚಿನ ಮೇಲಿದ್ದವರು ತಿರುಗಿ ನೋಡಿದರು. ಅವರು ಎಲ್ಲ ಕೇಳಿ, "ಚೆನ್ನಾಗಿದೆ. ತುಂಬಾ ಚೆನ್ನಾಗಿದೆ ಅನ್ನೋದೇ ನನಗೆ ಭಯ. ಪೂರ್ವದಲ್ಲಿ, ಹಾಳೆಯ ಎಡಗಡೆ, ಕಂಪ್ಯೂಟರ್ ಹೇಳಿದ ನಕ್ಷತ್ರಗಳನ್ನೆಲ್ಲ ನಿಮ್ಮ ತಂದೆಯವರು ಯಾಕೆ ತಳ್ಳಿಹಾಕಿದ್ದಾರೆ?" ಎಂದರು.

"ಅವು ದೂಳಿನ ಸುಕ್ಕು ಸರ್. ಅಪ್ಪನ ಕಣ್ಣು ತಪ್ಪಲ್ಲ."

"ಹಾಗಾದರೆ ಸುಳ್ಳು ನಕ್ಷತ್ರ ಹಾಕಿ ಇನ್ನೊಂದು ಸಲ ನೋಡಿಬಿಡಿ. ಅದಾಗದೆ ನಾನು ಪೇಪರಿಗೆ ಹೆಸರು ಹಾಕಲ್ಲ."

ಸಿಟ್ಟು ನೆತ್ತಿಗೇರಿತು. ಹಳ್ಳಿಯ ಸರ್ವೇಯರ್ ಎಂದು ಸಸಾರ ಇವರಿಗೆ ಎಂದುಕೊಂಡೆ. ಪರೀಕ್ಷೆ ಮಾಡಲಿಲ್ಲ. ಕಡೂರಿನಿಂದ ಮೈಸೂರು ಪಾಕ್ ತಂದು ಅಪ್ಪನಿಗೆ ವಿಷಯ ಹೇಳಿದೆ. ಅವನ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದೆ. "ಹಂಗಾದ್ರೆ ನನ್ ಕಣ್ಣು ಇನ್ನೂ ಗಟ್ಟಿ ಐತೆ ಅನ್ನು," ಎಂದ. ತಟ್ಟೆಯಲ್ಲಿ ನಾಲ್ಕು ತುಂಡಿದ್ದವು. ಬಲಗಡೆಯ ಎರಡನ್ನು ತಿಂದು, ಖಾಲಿಯಾಯಿತು ಎನ್ನುವಂತೆ ತಟ್ಟೆ ಸರಿಸಿದ. ಉಳಿದೆರಡನ್ನು ನನಗೆ ಬಿಟ್ಟ ಎಂದು ನಾನೇ ತಿಂದೆ.

ಆ ದಿನಗಳಲ್ಲಿ ಮನೆಯಲ್ಲಿ ಉಪ್ಪಿನ ಜಗಳ ನಡೆದಿತ್ತು. ನಮ್ಮಲ್ಲಿ ಎಲೆಯ ಎಡತುದಿಗೆ ಮೊದಲು ಉಪ್ಪು ಬಡಿಸುತ್ತಾರೆ. ತಟ್ಟೆಯಲ್ಲುಂಡರೂ ಅವ್ವ ಆ ಜಾಗ ಬಿಟ್ಟುಕೊಡುವವಳಲ್ಲ. ಅಪ್ಪ ದಿನಾ, "ಉಪ್ಪು ಹಾಕ್ಲಿಲ್ವೇನೇ?" ಎನ್ನುವುದು, ಅವ್ವ, "ಕಣ್ಣೆದುರಿಗೇ ಐತಲ್ರೀ, ಕಣ್ಣೇನು ಮಾರ್ಕಂಡಿದೀರಾ?" ಎನ್ನುವುದು. ಅವಳು ತಟ್ಟೆ ತಿರುಗಿಸಿದರೆ, "ಈಗ ಹಾಕಿ ನನ್ನೇ ಬೈತೀಯ," ಎಂದು ಅವನ ವಾದ. ನಾನು ನಗುತ್ತ ಉಣ್ಣುತ್ತಿದ್ದೆ. ಅಪ್ಪ ಎಡಗೆನ್ನೆಯ ಗಡ್ಡ ಬಿಟ್ಟು ಬಲಗೆನ್ನೆ ಮಾತ್ರ ಹೆರೆದುಕೊಂಡು ಬಂದ ದಿನವೂ ನಾವಿಬ್ಬರೂ ನಕ್ಕೆವು. ಎಡ ಭುಜವನ್ನು ಬಾಗಿಲ ಚೌಕಟ್ಟಿಗೆ ಎರಡು ಮೂರು ಸಲ ಬಡಿದುಕೊಂಡ. ವಯಸ್ಸಾಯಿತು ಎಂದುಕೊಂಡೆವು. ಕನ್ನಡಕದ ಅಂಗಡಿಗೆ ಕರೆದುಕೊಂಡು ಹೋಗಿ ಹೊಸ ಗಾಜು ಹಾಕಿಸಿದೆ. ಅದೇ ದೊಡ್ಡ ಸೇವೆ ಮಾಡಿದಂತೆ ಬೀಗಿದೆ.

ಗೈಡ್ ಫೋನ್ ಮೇಲೆ ಫೋನ್ ಮಾಡಿದರು. ನಾನು ಕಾಲೇಜಿನ ಪರೀಕ್ಷೆ, ವ್ಯಾಲ್ಯುಯೇಶನ್ ಎಂದು ತಪ್ಪಿಸಿಕೊಂಡೆ. ಎರಡು ತಿಂಗಳು. ಆ ಎರಡು ತಿಂಗಳನ್ನು ನಾನು ಯಾರ ಹತ್ತಿರವೂ ಮರೆಮಾಚುವುದಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನ್ನ ಕಥೆ ಕೆಡುವುದು ನನಗೆ ಬೇಕಿರಲಿಲ್ಲ.

ಕೊನೆಗೆ ಅವರು ಬೇಸತ್ತು, "ಹಾಗಾದರೆ ನೀವು ಬೇರೆ ಗೈಡ್ ನೋಡಿಕೊಳ್ಳಿ," ಎಂದರು. ಅವತ್ತೇ ಕೂತು ಹಳೆಯ ಒಂದು ಹಾಳೆಗೆ ಸುಳ್ಳು ನಕ್ಷತ್ರಗಳನ್ನು ಸೇರಿಸಿದೆ. ಸಣ್ಣವಲ್ಲ, ದಪ್ಪ ದಪ್ಪ ಚುಕ್ಕಿಗಳು, ಸಾಸಿವೆ ಕಾಳಿನಷ್ಟು, ಹಾಳೆಯ ತುಂಬ ಸಮನಾಗಿ. ಅಪ್ಪನಿಗೆ ಕಂಡುಹಿಡಿಯಲು ಕಷ್ಟವಾಗಬಾರದು, ಗೈಡ್ ಬಾಯಿ ಮುಚ್ಚಬೇಕು, ಅಷ್ಟೇ ನನ್ನ ಲೆಕ್ಕ.

ಭಾನುವಾರ ಬೆಳಿಗ್ಗೆ ಹಾಳೆ ಮೇಜಿನ ಮೇಲಿಟ್ಟು ನಾನು ಎದುರಿಗೆ ಅವರೆಕಾಯಿ ಸುಲಿಯುತ್ತ ಕೂತೆ. ಅಪ್ಪ ಭೂತಗನ್ನಡಿ ತೆಗೆದುಕೊಂಡ. ಗಾಜು ಹಾಳೆಯ ನಡುವಿನಿಂದ ಹೊರಟು ಬಲತುದಿಯವರೆಗೆ ಹೋಯಿತು. ವಾಪಸು ನಡುವಿನವರೆಗೆ ಬಂದು ನಿಂತಿತು. ಒಂದು ಬೆರಳಷ್ಟು ಕೆಳಗಿಳಿದು ಮತ್ತೆ ಬಲಕ್ಕೆ. ಕೆಂಪು ಸುತ್ತು, ಕೆಂಪು ಸುತ್ತು. ಬಲಗಡೆ ಒಂದೂ ಬಿಡಲಿಲ್ಲ. ಗಾಜು ಒಂದೇ ಒಂದು ಸಲವೂ ನಡುಗೆರೆ ದಾಟಿ ಎಡಕ್ಕೆ ಬರಲಿಲ್ಲ. ಎಡಗಡೆ ಅಷ್ಟೂ ಚುಕ್ಕಿಗಳು ಬರಿಗಣ್ಣಿಗೆ, ಎದುರಿನಿಂದ ತಲೆಕೆಳಗಾಗಿ ನೋಡುತ್ತಿದ್ದ ನನಗೂ, ಕಾಣುತ್ತಿದ್ದವು. ಅಪ್ಪ ಸಹಿ ಹಾಕಿ, ತಾರೀಖು ಬರೆದು, "ಮುಗೀತು ಕಣವ್ವ," ಎಂದ.

"ಎಲ್ಲಾ ನೋಡ್ದ್ಯಾ ಅಪ್ಪಾ?"

"ಇನ್ನೇನ್ ಬಿಟ್ಟಿದೀನಿ? ಇಂಚಿಂಚೂ ನೋಡಿದೀನಿ."

ನಾನು ಕೂತಲ್ಲಿಂದಲೇ ಕೈಚಾಚಿ ಹಾಳೆಯನ್ನು ತಿರುಗಿಸಿ, ತಲೆ ಕೆಳಗೆ ಮಾಡಿ ಅವನ ಮುಂದಿಟ್ಟೆ. ಈಗ ಅವನ ಕೆಂಪು ಸುತ್ತುಗಳೆಲ್ಲ ಎಡಕ್ಕೆ ಹೋದವು, ಮುಟ್ಟದ ಚುಕ್ಕಿಗಳು ಬಲಕ್ಕೆ ಬಂದವು.

ಅಪ್ಪ ಬಗ್ಗಿ ನೋಡಿದ. "ಇದು ಬೇರೆ ಹಾಳೆ. ಇದಕ್ಕೆ ಇನ್ನೂ ಗುರ್ತೇ ಹಾಕಿಲ್ಲ," ಎಂದು ಪೆನ್ಸಿಲ್ ಎತ್ತಿಕೊಂಡ. ತನ್ನ ಸಹಿ, ಆಗತಾನೇ ಹಾಕಿದ ಸಹಿ, ಈಗ ಮೇಲಿನ ಎಡಮೂಲೆಯಲ್ಲಿತ್ತು.

ಅವರೆಕಾಯಿ ಮೊರ ನನ್ನ ತೊಡೆಯಿಂದ ಜಾರಿ ಬಿತ್ತು. ಅವ್ವ ಒಳಗಿನಿಂದ ಬಂದು, "ಏನಾಯ್ತೇ?" ಎಂದಳು. "ಅವ್ವಾ, ಉಪ್ಪು," ಎಂದೆ. ಅವಳು ಅರ್ಥವಾಗದೆ ನನ್ನ ಮುಖ ನೋಡಿದಳು. ಅಪ್ಪ ಬಲಗಡೆಯ ಚುಕ್ಕಿಗಳಿಗೆ ನಿಧಾನವಾಗಿ ಸುತ್ತು ಹಾಕುತ್ತಲೇ ಇದ್ದ.

ಮರುದಿನ ಶಿವಮೊಗ್ಗದ ಆಸ್ಪತ್ರೆಗೆ ಹೋದೆವು. ಕಣ್ಣಿನಲ್ಲಿ ಏನೂ ತೊಂದರೆಯಿರಲಿಲ್ಲ. ತಲೆಯೊಳಗೆ ಬಲಗಡೆ ಒಂದು ಗಡ್ಡೆ ಬೆಳೆದಿತ್ತು. ಮಿದುಳಿನ ಬಲಭಾಗ ಕೆಟ್ಟರೆ ಮನುಷ್ಯನಿಗೆ ತನ್ನ ಎಡಗಡೆಯ ಜಗತ್ತು ಇದೆ ಎಂಬುದೇ ಮರೆತುಹೋಗುತ್ತದಂತೆ. ಕಾಣುತ್ತಿಲ್ಲ ಎಂಬುದೂ ಅವನಿಗೆ ಗೊತ್ತಾಗುವುದಿಲ್ಲವಂತೆ. ಡಾಕ್ಟರು ಸ್ಕ್ಯಾನಿನ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ರೋಗಿಯ ಬಲಭಾಗ ಫಿಲ್ಮಿನಲ್ಲಿ ಎಡಕ್ಕೆ ಬರುತ್ತದೆ ಎಂದರು. ನಮ್ಮ ಆಕಾಶದ ನಕ್ಷೆಯ ಪೂರ್ವದ ಹಾಗೆ. ನನಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಎಡಗಡೆ, ನಿಂಬೆಹಣ್ಣಿನಷ್ಟು, ಬೆಳ್ಳಗೆ ಇತ್ತು.

ಅಪ್ಪ ಎದ್ದುಹೋಗಿ, ಕನ್ನಡಕ ಸರಿಮಾಡಿಕೊಂಡು, ಫಿಲ್ಮನ್ನು ಹತ್ತಿರದಿಂದ ನೋಡಿದ. ಅವನ ಜೀವನವೆಲ್ಲ ನಕ್ಷೆ ನೋಡಿದ್ದೇ ತಾನೆ. ಬಹಳ ಹೊತ್ತು ನೋಡಿ ತಿರುಗಿ, "ಏನೂ ಇಲ್ವಲ್ಲ ಡಾಕ್ಟ್ರೇ. ಚೊಕ್ಕವಾಗೈತೆ," ಎಂದ.

ಅವ್ವ ಸೆರಗಿನಲ್ಲಿ ಬಾಯಿ ಒತ್ತಿಹಿಡಿದಳು.

"ಯಾವಾಗಿಂದ ಹೀಗಿದೆ? ಮನೆಯಲ್ಲಿ ಯಾರೂ ಗಮನಿಸಲಿಲ್ವಾ?" ಎಂದು ಡಾಕ್ಟರು ಕೇಳಿದರು. ಅವ್ವನಿಗೆ ಗೊತ್ತಿರಲಿಲ್ಲ. ನನಗೂ ಆ ಕ್ಷಣ ಗೊತ್ತಿರಲಿಲ್ಲ. ಆದರೆ ಮನೆಗೆ ಹೋದರೆ ಗೊತ್ತಾಗುತ್ತದೆ ಎಂದು ಹೊಳೆಯಿತು.

ಹಾಳೆಗಳನ್ನೆಲ್ಲ ಪಡಸಾಲೆಯ ನೆಲದ ಮೇಲೆ ಸಾಲಾಗಿ ಹರಡಿದೆ. ಪ್ರತಿಯೊಂದರ ಮೂಲೆಯಲ್ಲೂ ಸಹಿ, ತಾರೀಖು. ಮೊದಲ ವರ್ಷ ಕೆಂಪು ಸುತ್ತುಗಳು ಹಾಳೆಯ ತುಂಬ. ಆಮೇಲೆ ಎಡತುದಿಯಲ್ಲಿ ಒಂದು ಸಣ್ಣ ಪಟ್ಟಿ ಖಾಲಿ. ಮುಂದಿನ ತಿಂಗಳು ಅದು ಎರಡು ಬೆರಳಿನಷ್ಟು. ಆಮೇಲೆ ಅಂಗೈಯಗಲ. ಆಮೇಲೆ ಅರ್ಧ. ಹೊಲದ ಒತ್ತುವರಿಯ ಹಾಗೆ, ಬಾಂದು ಕಲ್ಲನ್ನು ತಿಂಗಳು ತಿಂಗಳೂ ಒಳಕ್ಕೆ ಸರಿಸಿದ ಹಾಗೆ. ಅಪ್ಪ ಹಾಳೆಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿ ನೋಡಿದ್ದರಿಂದ, ಅವನ ತಲೆಯೊಳಗೆ ಬೆಳೆಯುತ್ತಿದ್ದುದನ್ನು ನಾನು ಆಕಾಶದಲ್ಲಿ ನಡೆದದ್ದು ಎಂದು ಓದಿದ್ದೆ. ಕಲೆಸಿ ಕೊಟ್ಟಿದ್ದರೆ ಈ ಕಥೆ ಹುಟ್ಟುತ್ತಲೇ ಇರಲಿಲ್ಲ. ಸುಳ್ಳು ನಕ್ಷತ್ರ ಹಾಕುತ್ತಿದ್ದರೆ ಮೊದಲ ಪಟ್ಟಿ ಖಾಲಿಯಾದಾಗಲೇ ಸಿಕ್ಕಿಬೀಳುತ್ತಿತ್ತು. ಮೈಸೂರು ಪಾಕ್ ತಂದ ದಿನ ಆ ಖಾಲಿ ಇನ್ನೂ ಹಾಳೆಯ ಮೂರನೇ ಒಂದು ಪಾಲು ಮಾತ್ರ ಇತ್ತು.

ಅದನ್ನೆಲ್ಲ ಡಾಕ್ಟರ ಮುಂದೆ ಬಿಚ್ಚಿ ತೋರಿಸಿದೆ. ಅವರು ಒಂದೊಂದಾಗಿ ನೋಡಿದರು. "ಇಂಥ ದಾಖಲೆ ನಾನು ಯಾವ ಪೇಷಂಟಿನದೂ ನೋಡಿಲ್ಲ," ಎಂದರು. ಆಮೇಲೆ, "ಈ ಹಾಳೆ ಹೊತ್ತಿಗೆ ಬಂದಿದ್ದರೆ," ಎಂದು ಒಂದರ ಮೇಲೆ ಬೆರಳಿಟ್ಟು, ನನ್ನ ಮುಖ ನೋಡಿ ನಿಲ್ಲಿಸಿಬಿಟ್ಟರು.

ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಬರಲಿಲ್ಲ. ಅಪ್ಪ ಮನೆಗೆ ಬಂದ. ಮಂಚವನ್ನು ಗೋಡೆಗೆ ಒತ್ತಿ ಹಾಕಿದ್ದೆವು, ಅವ್ವ ಬೆಳಗಿನಿಂದ ಸಂಜೆಯವರೆಗೆ ಅವನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಕೂತು ಕೈ ನೀವುತ್ತಿದ್ದಳು. ಮೂರನೇ ದಿನ ನಾನು ಕಾಲೇಜಿನಿಂದ ಬಂದಾಗ ಅಪ್ಪ ನನ್ನನ್ನು ಕರೆದು, "ನಿಮ್ಮವ್ವ ಎಲ್ಲಿ ಹೋದ್ಲೇ? ಆಸ್ಪತ್ರೆಯಿಂದ ಬಂದಾಗಿಂದ ಒಂದ್ಸಲನೂ ಇತ್ತಾಗೆ ಬಂದಿಲ್ಲ. ನನ್ ಮೇಲೆ ಏನ್ ಕೋಪ ಅವಳಿಗೆ?" ಎಂದ.

ಅವ್ವ ಅಲ್ಲೇ ಇದ್ದಳು. ಅವನ ಎಡಗೈ ಅವಳ ಎರಡೂ ಕೈಯೊಳಗೆ ಇತ್ತು.

ನಾನು ಮಂಚ ತಿರುಗಿಸಿ ಹಾಕಿದೆ. ಅವ್ವ ಸ್ಟೂಲು ಎತ್ತಿಕೊಂಡು ಬಲಗಡೆಗೆ ಬಂದಳು. "ಬಂದ್ಯಾ?" ಎಂದು ಅಪ್ಪ ಅವಳನ್ನು ನೋಡಿ ಮಗುವಿನಂತೆ ನಕ್ಕ. ಆ ಸಂಜೆ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತ ಅವ್ವ ನನ್ನನ್ನು ಬೈದಳು, ಮೊದಲ ಸಲ ಬಾಯಿಬಿಟ್ಟು ಬೈದಳು. "ಎಲ್ಲೋ ಎರಡು ಲಕ್ಷ ವರ್ಷದ್ದು ಕಾಣುತ್ತಲ್ಲೇ ನಿಂಗೆ. ಎದುರಿಗೆ ಕೂತೋರು ಕಾಣ್ಲಿಲ್ವಾ?" ಎಂದಳು. ನಾನು ತೊಳೆದ ಪಾತ್ರೆಗಳನ್ನು ಬೋರಲು ಹಾಕುತ್ತಿದ್ದೆ. ಆಮೇಲೆ ಅವಳೇ, "ನಾನೂ ಬೈದೆ ಕಣೇ. ಉಪ್ಪು ಕೇಳ್ದಾಗೆಲ್ಲ ಬೈದೆ," ಎಂದು ಅತ್ತಳು. ಇಬ್ಬರೂ ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆವು.

ಅಪ್ಪ ಇನ್ನೈದು ತಿಂಗಳಿದ್ದ. ಮಳೆಗಾಲ ಶುರುವಾಗುವ ಹೊತ್ತಿಗೆ ಹೋದ.

ಹಾಳೆಗಳನ್ನು ನಾನು ಹೊಸದಾಗಿ ಪ್ರಿಂಟ್ ಹಾಕಿಸಿದೆ. ಕಲೆಸಿದೆ. ಸುಳ್ಳು ನಕ್ಷತ್ರಗಳನ್ನು ಗೈಡ್ ಅವರೇ ಸೇರಿಸಿ ಕಳಿಸಿದರು, ಯಾವುದು ಸುಳ್ಳು ಎಂದು ನನಗೆ ಗೊತ್ತಿರಲಿಲ್ಲ. ಅಪ್ಪನ ಭೂತಗನ್ನಡಿಯಲ್ಲೇ ನೋಡಿದೆ. ಎಡಗಡೆಯೂ ನಕ್ಷತ್ರಗಳಿದ್ದವು. ಬಲಗಡೆ ಎಷ್ಟಿದ್ದವೋ ಹೆಚ್ಚುಕಡಿಮೆ ಅಷ್ಟೇ. ನನ್ನ ಸೊಗಸಾದ ಕಥೆ ಮಣ್ಣುಪಾಲಾಯಿತು. ದೊಡ್ಡವರ ಪಕ್ಕದಲ್ಲಿಯೂ ಚಿಕ್ಕವು ತಮ್ಮ ಪಾಡಿಗೆ ತಾವು ಹುಟ್ಟುತ್ತಿವೆ, ಅಷ್ಟೇ ನನ್ನ ಥೀಸಿಸ್‌ನಲ್ಲಿ ಇರುವುದು. ಅದಕ್ಕೂ ಡಿಗ್ರಿ ಕೊಡುತ್ತಾರಂತೆ, ಕೊಡಲಿ. ಅಪ್ಪನ ಹಳೆಯ ಹಾಳೆಗಳನ್ನು ಸುತ್ತಿ ಅವನ ನಕ್ಷೆಗಳ ತಗಡಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಇನ್ನೊಮ್ಮೆ ಬಿಚ್ಚುವ ಧೈರ್ಯ ನನಗಿಲ್ಲ.

ಮಹಾಲಯ ಅಮಾವಾಸ್ಯೆಗೆ ಅಪ್ಪನ ಮೊದಲನೇ ಎಡೆ. ಹೋಳಿಗೆ, ವಡೆ, ಅವನಿಗೆ ಇಷ್ಟವಾದ ಅವರೆಕಾಳು ಸಾರು, ಎಲ್ಲ ಅವ್ವನೇ ಮಾಡಿದಳು, ಯಾರನ್ನೂ ಒಲೆಯ ಹತ್ತಿರ ಬಿಡಲಿಲ್ಲ. ದೇವನೂರಿನ ಕಡೆಯಿಂದ ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ಸೋದರತ್ತೆಯೂ ಇದ್ದಳು. ಗೋಡೆಗೊರಗಿಸಿದ ಫೋಟೋದ ಮುಂದೆ ನಾನು ಬಾಳೆಲೆ ಹಾಸಿ, ಭೂತಗನ್ನಡಿ, ಕೆಂಪು ಪೆನ್ಸಿಲ್ ಇಟ್ಟೆ. ಅವ್ವ ಬಡಿಸಲು ಬಗ್ಗಿದಳು.

ಫೋಟೋದ ಕಡೆ ನೋಡಿ, ಅವನು ಅಲ್ಲಿ ಕೂತರೆ ಯಾವ ಕಡೆ ಯಾವುದಾಗುತ್ತದೆ ಎಂದು ಕೈ ಆಡಿಸಿ ಗೊತ್ತುಮಾಡಿಕೊಂಡಳು. ಆಮೇಲೆ ಅನ್ನ, ಹೋಳಿಗೆ, ಪಲ್ಯ, ವಡೆ, ಎಲ್ಲವನ್ನೂ ಅವನ ಬಲಗಡೆಗೇ ಒತ್ತೊತ್ತಾಗಿ ಬಡಿಸಿದಳು. ಉಪ್ಪನ್ನೂ. ಅರ್ಧ ಎಲೆ ಹಸಿರಾಗಿ ಹಾಗೇ ಉಳಿಯಿತು.

ಚಿಕ್ಕಪ್ಪ ಮುಖ ಸಿಂಡರಿಸಿ, "ಏನತ್ತಿಗೆ ಇದು? ಎಡಗಡೆ ಖಾಲಿ ಬಿಟ್ಟಿದ್ದೀರಿ! ಉಪ್ಪು ಆ ಕಡೆ ಅಲ್ವಾ ಹಾಕೋದು? ಹಿರೀರಿಗೆ ಹಂಗೆಲ್ಲ ಮಾಡ್ಬಾರ್ದು," ಎಂದ.

ಅವ್ವ ತಲೆ ಎತ್ತದೆ ಉಪ್ಪನ್ನು ಇನ್ನೊಂದಿಷ್ಟು ಬಲಕ್ಕೆ ಸರಿಸಿದಳು.

"ಅವ್ರಿಗೆ ಆ ಕಡೆ ಕಾಣಲ್ಲ ಕಣಪ್ಪ," ಎಂದಳು.